ಓದಲು ಕೊಟ್ಟಿರಿ, ಇಟ್ಟುಕೊಳ್ಳಲೂ ಬಿಡಿ: ಇ-ಪುಸ್ತಕ ಮಾರುವವರಿಗೆ ಒಂದು ಬಹಿರಂಗ ಪತ್ರ

ಇ-ಪುಸ್ತಕ ಮಾರುವ ಕಂಪನಿಗಳಿಗೆ, ಪ್ರಕಾಶಕರಿಗೆ, ಇ-ರೀಡರ್ ತಯಾರಿಸುವವರಿಗೆ,

ನಮಸ್ಕಾರ.

ಕಾಗದದ ಪುಸ್ತಕದ ಜೊತೆಗೇ ಬೆಳೆದು ಈಗ ಇ-ರೀಡರ್‌ನಲ್ಲಿ (ಪುಸ್ತಕ ಓದಲೆಂದೇ ಮಾಡಿದ ಪುಟ್ಟ ಪರದೆಯ ಸಾಧನ) ಓದುತ್ತಿರುವವರಲ್ಲಿ ನಾನೂ ಒಬ್ಬ. ಹಳೆಯದನ್ನು ಪೂರ್ತಿ ಬಿಟ್ಟಿಲ್ಲ, ಹೊಸದಕ್ಕೆ ಪೂರ್ತಿ ಒಗ್ಗಿಲ್ಲ. ನನ್ನಂಥವರು ತುಂಬಾ ಜನ ಇದ್ದಾರೆ. ನಮ್ಮ ಮನಸ್ಸು ಯಾಕೆ ಹೀಗೆ ಹೊಯ್ದಾಡುತ್ತಿದೆ ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕು ಅನ್ನಿಸಿತು. ಪುಟದ ವಾಸನೆ, ಕಾಗದದ ಸ್ಪರ್ಶ ಬಿಟ್ಟಿರಲಾರದೆ ಒದ್ದಾಡುತ್ತಿದ್ದೇವೆ ಎಂದು ನೀವು ತಿಳಿದಿದ್ದರೆ, ಅದು ಪೂರ್ತಿ ಸರಿಯಲ್ಲ. ನಮ್ಮ ತಕರಾರಿನ ದೊಡ್ಡ ಪಾಲು ಪರದೆಯ ಬಗ್ಗೆ ಅಲ್ಲವೇ ಅಲ್ಲ. ನೀವು ಮಾಡಿಟ್ಟ ನಿಯಮಗಳ ಬಗ್ಗೆ.

ಮೊದಲು ನೀವು ಕೊಟ್ಟಿದ್ದನ್ನು ಹೇಳಿಬಿಡುತ್ತೇನೆ. ಚಾಳೀಸು ಬಂದ ಕಣ್ಣಿಗೆ ಸಣ್ಣ ಅಕ್ಷರದ ಪುಸ್ತಕ ತುಂಬಾ ಕಷ್ಟ. 40 ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಡುಸಾಗುತ್ತಾ ಹೋಗುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದು ಹೆಚ್ಚುಕಡಿಮೆ ಎಲ್ಲರಿಗೂ ಆಗುವಂಥದ್ದು. ಕಾಗದದ ಪುಸ್ತಕದಲ್ಲಿ ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದು ಅಚ್ಚಾದ ದಿನವೇ ತೀರ್ಮಾನವಾಗಿರುತ್ತದೆ. ಇ-ರೀಡರ್‌ನಲ್ಲಿ ಅದನ್ನು ತೀರ್ಮಾನಿಸುವುದು ನಾನು. ಅರ್ಧಕ್ಕೆ ಬಿಟ್ಟಿದ್ದ ದಪ್ಪ ದಪ್ಪ ಕಾದಂಬರಿಗಳನ್ನು ಮತ್ತೆ ಹಿಡಿದು ಮುಗಿಸಿದ್ದು ಇದೊಂದೇ ಕಾರಣಕ್ಕೆ. ಸಾವಿರ ಪುಟದ ಪುಸ್ತಕವನ್ನು ಮಲಗಿಕೊಂಡು ಓದಿದವರಿಗೆ ಮಣಿಕಟ್ಟಿನ ನೋವು ಗೊತ್ತು. 200 ಗ್ರಾಂ ಆಸುಪಾಸಿನ ಇ-ರೀಡರ್ ಒಂದೇ ಕೈಯಲ್ಲಿ ಆರಾಮಾಗಿ ನಿಲ್ಲುತ್ತದೆ. ಗೊತ್ತಿಲ್ಲದ ಪದದ ಮೇಲೆ ಬೆರಳಿಟ್ಟರೆ ಅರ್ಥ ಸಿಗುತ್ತದೆ. ನಿಘಂಟು ತರಲು ಎದ್ದು ಹೋಗಿ, ದಾರಿಯಲ್ಲಿ ಬೇರೇನೋ ಕೆಲಸ ಹಿಡಿದು, ಪುಸ್ತಕ ಮರೆತೇ ಹೋಗುವುದು ತಪ್ಪಿತು.

ಆ ಪರದೆಯೂ ಒಂದು ದೊಡ್ಡ ಕೆಲಸವೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಹುಟ್ಟಿದ ಆಲೋಚನೆ ಅದು. ಆ ಪರದೆ ಮಾಡುವ ಇ ಇಂಕ್ ಕಂಪನಿ ಶುರುವಾಗಿದ್ದು 1997ರಲ್ಲಿ. ಕೂದಲೆಳೆಯ ಅಗಲದ ಲಕ್ಷಾಂತರ ಪುಟ್ಟ ಕೋಶಗಳು, ಒಂದೊಂದರಲ್ಲೂ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ತಾಗಿದಾಗ ಕಪ್ಪು ಕಣ ಮೇಲೆ ಬಂದ ಕಡೆ ಅಕ್ಷರ ಮೂಡುತ್ತದೆ, ಬಿಳಿ ಬಂದ ಕಡೆ ಖಾಲಿ ಜಾಗ. ಒಮ್ಮೆ ಮೂಡಿದ ಪುಟ ಹಾಗೇ ನಿಂತಿರಲು ವಿದ್ಯುತ್ ಬೇಡ. ಪುಟ ತಿರುವಿದಾಗ ಮಾತ್ರ ಬೇಕು. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಮೊಬೈಲಿನ ಪರದೆ ಬಿಸಿಲಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಇದು ಕಾಗದದ ಹಾಗೆ ಹೊರಗಿನ ಬೆಳಕಿನಲ್ಲೇ ಓದಿಸಿಕೊಳ್ಳುತ್ತದೆ, ಬಿಸಿಲು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುತ್ತದೆ. ಇದನ್ನು ಮಾಡಿದವರಿಗೆ ನಾನು ನಿಜಕ್ಕೂ ಋಣಿ.

ಕಣ್ಣು ಕಾಣದವರಿಗೆ ಈ ಪುಸ್ತಕಗಳು ಇನ್ನೂ ದೊಡ್ಡ ವರ. ಅಚ್ಚಾದ ಪುಸ್ತಕ ತಾನಾಗಿ ಮಾತಾಡುವುದಿಲ್ಲ, ಇ-ಪುಸ್ತಕವನ್ನು ಯಂತ್ರ ಗಟ್ಟಿಯಾಗಿ ಓದಿ ಹೇಳಬಲ್ಲದು. ಆದರೆ 2009ರಲ್ಲಿ ಏನಾಯಿತು ನೋಡಿ. ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್‌ನ ಎರಡನೇ ಮಾದರಿಯಲ್ಲಿ ಓದಿ ಹೇಳುವ ಸೌಲಭ್ಯ ಬಂತು. ಅಮೆರಿಕದ ಲೇಖಕರ ಸಂಘ ಆಕ್ಷೇಪಿಸಿತು. ಆಡಿಯೋ ಪುಸ್ತಕದ ಹಕ್ಕು ಬೇರೆ, ಅದಕ್ಕೆ ಇದರಿಂದ ಪೆಟ್ಟು ಎಂಬುದು ಅವರ ವಾದ. ಆಗ ಅಮೆಜಾನ್, ಬೇಡ ಅಂದ ಪ್ರಕಾಶಕರ ಪುಸ್ತಕಗಳಿಗೆ ಆ ದನಿಯನ್ನು ನಿಲ್ಲಿಸಲು ಒಪ್ಪಿತು. ಯಂತ್ರಕ್ಕೆ ಓದಲು ಬರುತ್ತಿತ್ತು. ಓದಬಾರದು ಎಂದು ಮನುಷ್ಯರು ಹೇಳಿದರು. ಯುರೋಪಿನಲ್ಲಿ 2025ರ ಜೂನ್ 28ರಿಂದ ಇ-ಪುಸ್ತಕಗಳೂ ಇ-ರೀಡರ್‌ಗಳೂ ಅಂಗವಿಕಲರಿಗೆ ಬಳಸಲು ಬರುವಂತಿರಬೇಕು ಎಂಬ ಕಾನೂನು ಜಾರಿಗೆ ಬಂದಿದೆ. ಕಾನೂನು ಬರುವವರೆಗೆ ಕಾಯಬೇಕಿತ್ತೇ ಅನ್ನುವುದು ನನ್ನ ಪ್ರಶ್ನೆ.

ಈಗ ಕಳೆದುಕೊಂಡಿದ್ದರ ಮಾತು. ಇದರಲ್ಲಿ ಎರಡು ಬಗೆ ಇದೆ. ಒಂದು, ಕಾಗದ ಬಿಟ್ಟ ಮೇಲೆ ಹೇಗೂ ಕಳೆದುಹೋಗುವಂಥದ್ದು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ.

ಕಾಗದದ ಪುಸ್ತಕದಲ್ಲಿ ಒಂದು ಮಾತು ಎಲ್ಲಿತ್ತು ಎಂದು ಕೈಗೇ ನೆನಪಿರುತ್ತದೆ. ಎಡಗಡೆ ಪುಟ, ಮೇಲಿಂದ ಮೂರನೇ ಪ್ಯಾರಾ, ಪುಸ್ತಕದ ಕಾಲು ಭಾಗ ಆಗಿರಬೇಕು, ಹೀಗೆ. ಹೆಬ್ಬೆರಳಿನಲ್ಲಿ ಪುಟಗಳನ್ನು ಸರಸರ ಬಿಡುತ್ತಾ ಹೋದರೆ ಸಿಕ್ಕಿಬಿಡುತ್ತದೆ. ಇ-ರೀಡರ್‌ನಲ್ಲಿ ಎಲ್ಲ ಪುಟವೂ ಒಂದೇ ಜಾಗದಲ್ಲಿ ಬಂದು ಹೋಗುತ್ತದೆ. ಅಕ್ಷರ ದೊಡ್ಡದು ಮಾಡಿದರೆ ನಿನ್ನೆ ಎಡಕ್ಕಿದ್ದ ಮಾತು ಇವತ್ತು ಇನ್ನೆಲ್ಲೋ. ಪದ ಗೊತ್ತಿದ್ದರೆ ಹುಡುಕಬಹುದು, ನಿಜ. ಆದರೆ ನಮಗೆ ಎಷ್ಟೋ ಸಲ ಪದ ನೆನಪಿರುವುದಿಲ್ಲ, ಜಾಗ ನೆನಪಿರುತ್ತದೆ. ಎಷ್ಟು ಓದಿದ್ದೇವೆ, ಎಷ್ಟು ಉಳಿದಿದೆ ಎಂಬುದು ಎಡಗೈ ಬಲಗೈಗಳ ನಡುವೆ ತೂಕವಾಗಿ ತಿಳಿಯುತ್ತಿತ್ತು. ಈಗ ಅದು ಕೆಳಗಿನ ಮೂಲೆಯ ಶೇಕಡಾ ಲೆಕ್ಕ. ಪತ್ತೇದಾರಿ ಕಾದಂಬರಿ ಓದುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಬಲಗೈಯಲ್ಲಿ ಪುಟ ಕಡಿಮೆಯಾಗುತ್ತಾ ಬಂದ ಹಾಗೆ ಉಸಿರು ಬಿಗಿಯಾಗುವುದು ಒಂದು ಸುಖವೇ ಆಗಿತ್ತು.

ಇದು ನನ್ನೊಬ್ಬನ ಭ್ರಮೆ ಅಲ್ಲ. ನಾರ್ವೆಯ ಸಂಶೋಧಕಿ ಆನ್ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 50 ಜನರಿಗೆ ಒಂದೇ ರಹಸ್ಯ ಕಥೆ ಕೊಟ್ಟರು. ಅರ್ಧ ಜನ ಪುಸ್ತಕದಲ್ಲಿ ಓದಿದರು, ಅರ್ಧ ಜನ ಕಿಂಡಲ್‌ನಲ್ಲಿ. ಕಥೆ ಅರ್ಥವಾಗುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಾಗ ಪುಸ್ತಕ ಓದಿದವರೇ ಮುಂದಿದ್ದರು. 2018ರಲ್ಲಿ ಬಂದ ಇನ್ನೊಂದು ಅಧ್ಯಯನ 54 ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮಾಹಿತಿಯ ಬರಹಗಳಲ್ಲಿ ಪರದೆಗಿಂತ ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಕಥೆಗಳಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ನಾನೂ ಈಗ ಹಾಗೇ ಮಾಡುತ್ತೇನೆ. ಕಥೆ ಕಾದಂಬರಿ ಇ-ರೀಡರ್‌ನಲ್ಲಿ, ಗಮನವಿಟ್ಟು ಕಲಿಯಬೇಕಾದದ್ದು ಕಾಗದದಲ್ಲಿ.

ಕಾಗದವೂ ಶಾಶ್ವತವಲ್ಲ, ಅದೂ ಗೊತ್ತು. 19ನೇ ಶತಮಾನದ ನಡುವಿನಿಂದ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ, ಹಳದಿಯಾಗಿ ಮುಟ್ಟಿದರೆ ಮುರಿಯುತ್ತದೆ. ಗೆದ್ದಲಿದೆ, ತೇವವಿದೆ, ಮನೆ ಬದಲಾಯಿಸುವಾಗಿನ ಪಾಡಿದೆ. ಆದ್ದರಿಂದ ಜಾಗದ ನೆನಪು, ಕೈಯಲ್ಲಿನ ತೂಕ, ಕಪಾಟಿನ ಮುಂದೆ ನಿಂತು ಬೆನ್ನುಗಳನ್ನು ನೋಡುವ ಖುಷಿ, ಇವನ್ನೆಲ್ಲ ಬಿಟ್ಟುಕೊಟ್ಟೆ. ಬೇಸರ ಇದೆ, ಸಿಟ್ಟಿಲ್ಲ.

ಸಿಟ್ಟಿರುವುದು ಎರಡನೇ ಬಗೆಯ ಬಗ್ಗೆ. ಇವು ತಂತ್ರಜ್ಞಾನದಿಂದ ಕಳೆದುಹೋದದ್ದಲ್ಲ. ನೀವು ಕೂತು ತೀರ್ಮಾನಿಸಿ ಕಿತ್ತುಕೊಂಡದ್ದು.

ಓದುವವರ ನಡುವೆ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಒಂದು ಪುಸ್ತಕ ಓದಿ ಮುಗಿಸಿದ ತಕ್ಷಣ ಮನಸ್ಸಿಗೆ ಬರುವ ಮೊದಲ ಮಾತು, ಇದನ್ನು ಅವರು ಓದಬೇಕು ಅನ್ನುವುದು. ಕೂಡಲೇ ಕೊಡುತ್ತೇವೆ. ವಾಪಸ್ ಬರುತ್ತದೋ ಇಲ್ಲವೋ ಎಂದು ಒಳಗೊಳಗೇ ಆತಂಕ ಬೇರೆ. ಬಾರದೆ ಹೋದ ಪುಸ್ತಕಗಳ ಪಟ್ಟಿ ಪ್ರತಿಯೊಬ್ಬ ಓದುಗನ ಮನಸ್ಸಿನಲ್ಲೂ ಇದೆ. ಆದರೂ ಕೊಡುವುದು ಬಿಡುವುದಿಲ್ಲ. ನನ್ನ ಗೆಳೆತನಗಳಲ್ಲಿ ಎಷ್ಟೋ ಶುರುವಾಗಿದ್ದೇ "ಓದಿ ಕೊಡ್ತೀನಿ" ಅನ್ನುವ ಮಾತಿನಿಂದ. ಹಳೆ ಪುಸ್ತಕ ಕೊಂಡಾಗ ಮೊದಲ ಪುಟದಲ್ಲಿ ಯಾರೋ ಯಾರಿಗೋ ಪ್ರೀತಿಯಿಂದ ಬರೆದ ಎರಡು ಸಾಲು ಇರುತ್ತದೆ. ಅಂಚಿನಲ್ಲಿ ಪೆನ್ಸಿಲಿನಿಂದ ಲೇಖಕರ ಜೊತೆ ಜಗಳವಾಡಿದ ಅಪರಿಚಿತರೊಬ್ಬರು ಸಿಗುತ್ತಾರೆ. ಇದು ಓದಿನ ಹೊರಗಿನ ವಿಷಯ ಅಲ್ಲ, ಓದಿನ ಅರ್ಧ ಭಾಗ.

ಇ-ಪುಸ್ತಕದಲ್ಲಿ ಇದಕ್ಕೆ ದಾರಿ ಇಲ್ಲ. ಒಂದು ಕಾಲಕ್ಕೆ ಸ್ವಲ್ಪ ಬಾಗಿಲು ತೆರೆದಿತ್ತು. 2009ರಲ್ಲಿ ನೂಕ್ ಎಂಬ ಇ-ರೀಡರ್, ಮುಂದಿನ ವರ್ಷ ಕಿಂಡಲ್, ಪುಸ್ತಕ ಎರವಲು ಕೊಡಲು ಬಿಟ್ಟವು. ಹೇಗೆ? ಪ್ರಕಾಶಕರು ಒಪ್ಪಿದ ಪುಸ್ತಕ ಮಾತ್ರ, 14 ದಿನಕ್ಕೆ ಮಾತ್ರ, ಜೀವಮಾನದಲ್ಲಿ ಒಂದೇ ಒಂದು ಸಲ. ಕೊಟ್ಟಷ್ಟು ದಿನ ನಾನು ಅದನ್ನು ಓದಲು ಆಗುತ್ತಿರಲಿಲ್ಲ. ಅಂದರೆ ಒಂದು ಪ್ರತಿ ಒಂದೇ ಕಡೆ ಇರುವಂತೆ ನೋಡಿಕೊಳ್ಳಲು ನಿಮಗೆ ಬರುತ್ತದೆ. ಬಂದರೂ ಒಂದು ಸಲ, 14 ದಿನ ಎಂದಿರಿ. ಆ ಮಿತಿ ಎಲ್ಲಿಂದ ಬಂತು? ಯಂತ್ರದಿಂದಂತೂ ಅಲ್ಲ.

ಕಾಗದದ ವಿಷಯದಲ್ಲಿ ಈ ಜಗಳ ನೂರು ವರ್ಷದ ಹಿಂದೆಯೇ ತೀರಿದೆ. ಅಮೆರಿಕದ ಪ್ರಕಾಶನ ಸಂಸ್ಥೆಯೊಂದು, ಇಷ್ಟಕ್ಕಿಂತ ಕಡಿಮೆ ಬೆಲೆಗೆ ಇದನ್ನು ಮಾರಬಾರದು ಎಂದು ಪುಸ್ತಕದ ಒಳಗೇ ಅಚ್ಚು ಹಾಕಿತ್ತು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಮ್ಮೆ ಮಾರಿದ ಮೇಲೆ ಆ ಪ್ರತಿಯನ್ನು ಮುಂದೆ ಮಾರುವುದರ ಮೇಲೆ ನಿಮಗೆ ಅಂಥ ಹಿಡಿತ ಇಲ್ಲ ಎಂದಿತು. ಹಳೆ ಪುಸ್ತಕದ ವ್ಯಾಪಾರ ಇಂಥ ತತ್ವದ ಮೇಲೆ ನಿಂತಿದೆ. ಇ-ಪುಸ್ತಕಕ್ಕೆ ಬಂದಾಗ ಮಾತು ತಿರುಗಿತು. 2019ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಯೂನಿಯನ್ನಿನ ನ್ಯಾಯಾಲಯ, ಓದಿದ ಇ-ಪುಸ್ತಕವನ್ನು ಲೇಖಕರ, ಪ್ರಕಾಶಕರ ಒಪ್ಪಿಗೆ ಇಲ್ಲದೆ ಮರುಮಾರಾಟ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಇ-ಪುಸ್ತಕ ಹಳತಾಗಿ ಸವೆಯುವುದಿಲ್ಲ, ಬಳಸಿದ್ದೂ ಹೊಸದರಷ್ಟೇ ಚೆನ್ನಾಗಿರುತ್ತದೆ ಎಂಬುದು ಅದರ ಒಂದು ಕಾರಣ. ಕಾನೂನು ನಿಮ್ಮ ಕಡೆ ಇದೆ, ಒಪ್ಪುತ್ತೇನೆ. ಆದರೆ ಕಾನೂನು ನಿಮಗೆ ಹಕ್ಕು ಕೊಟ್ಟಿದೆ, ಅದನ್ನು ಕೊನೆಯ ಹನಿವರೆಗೂ ಬಳಸಿ ಎಂದು ಬಲವಂತ ಮಾಡಿಲ್ಲ. ಒಪ್ಪಿಗೆ ಕೊಡುವುದು ನಿಮ್ಮ ಕೈಯಲ್ಲೇ ಇದೆ.

ಎರವಲು ಕೊಡುವುದು ಒತ್ತಟ್ಟಿಗಿರಲಿ, ಕೊಂಡದ್ದು ನನ್ನ ಬಳಿ ಉಳಿಯುತ್ತದೆಯೇ ಎಂಬುದಕ್ಕೂ ಖಾತ್ರಿ ಇಲ್ಲ. 2004ರಲ್ಲಿ ಸೋನಿ ಜಪಾನಿನಲ್ಲಿ ಲಿಬ್ರಿಯೆ ತಂದಿತು. ಇ ಇಂಕ್ ಪರದೆಯ ಮೊದಲ ಇ-ರೀಡರ್ ಅದು. ಅದಕ್ಕೆ ಪಡೆದ ಪುಸ್ತಕ 60 ದಿನದ ಮೇಲೆ ತೆರೆಯುತ್ತಿರಲಿಲ್ಲ. 2009ರ ಜುಲೈನಲ್ಲಿ ಅಮೆಜಾನ್, ಜಾರ್ಜ್ ಆರ್ವೆಲ್ಲರ ಎರಡು ಕಾದಂಬರಿಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ದೂರದಿಂದ ಅಳಿಸಿತು. ಆ ಪ್ರತಿಗಳನ್ನು ಮಾರಿದವರಿಗೆ ಹಕ್ಕಿರಲಿಲ್ಲವಂತೆ. ಹಣ ಹಿಂದಿರುಗಿತು. ಆದರೆ ಒಬ್ಬ ವಿದ್ಯಾರ್ಥಿ ಪಾಠಕ್ಕೆಂದು ಮಾಡಿಕೊಂಡಿದ್ದ ಟಿಪ್ಪಣಿಗಳು, ಯಾವ ಸಾಲಿಗೆ ಯಾವುದು ಎಂದು ತಿಳಿಯದೆ ಕೆಲಸಕ್ಕೆ ಬಾರದಂತಾದವು. ಆಗ ಅಮೆಜಾನ್ ಮುಖ್ಯಸ್ಥರಾಗಿದ್ದ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಕ್ಷಮೆ ದೊಡ್ಡದೇ, ಆದರೆ ಅಂಥದ್ದು ಸಾಧ್ಯ ಎಂಬ ಸಂಗತಿ ಅಂದೇ ನಮಗೆಲ್ಲ ತಿಳಿಯಿತು. ಆಮೇಲೆ 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಅಂಗಡಿ ಮುಚ್ಚಿದ್ದಷ್ಟೇ ಆಗಿದ್ದರೆ ಸರಿ, ಜನ ಕೊಂಡಿದ್ದ ಪುಸ್ತಕಗಳೂ ಜುಲೈನಲ್ಲಿ ಮಾಯವಾದವು. ಎಲ್ಲರಿಗೂ ಹಣ ವಾಪಸ್ ಕೊಟ್ಟರು, ಟಿಪ್ಪಣಿ ಮಾಡಿದ್ದವರಿಗೆ ಸ್ವಲ್ಪ ಹೆಚ್ಚಿಗೇ ಕೊಟ್ಟರು. ಆದರೆ ಟಿಪ್ಪಣಿಗೆ ಬೆಲೆ ಕಟ್ಟುವುದು ಹೇಗೆ? ಕಾಗದದ ಪುಸ್ತಕ ಮಾರಿದ ಅಂಗಡಿ ಮುಚ್ಚಿದರೆ ನಮ್ಮ ಕಪಾಟಿನ ಪುಸ್ತಕಕ್ಕೆ ಏನೂ ಆಗುವುದಿಲ್ಲ, ಅಲ್ವಾ?

ಇದರ ಪರಿಣಾಮ ನಮ್ಮ ಓದಿನ ಮೇಲೂ ಆಗುತ್ತದೆ. ಇ-ಪುಸ್ತಕದಲ್ಲಿ ಒಂದು ಸಾಲಿಗೆ ಗುರುತು ಹಾಕುವಾಗ ನನಗೆ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಾಗಿನ ಅಳುಕು. ಇಲ್ಲಿ ಎಷ್ಟು ದಿನ ಇರುತ್ತೇನೋ ಗೊತ್ತಿಲ್ಲದ ಮೇಲೆ ಯಾಕೆ ಸುಮ್ನೆ ಕಷ್ಟಪಡಬೇಕು ಅನ್ನಿಸುತ್ತದೆ.

ಕೊಂಡ ಪುಸ್ತಕದ ಫೈಲನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಯುಎಸ್‌ಬಿ ತಂತಿಯಿಂದ ಕಿಂಡಲ್‌ಗೆ ಹಾಕಿಕೊಳ್ಳುವ ದಾರಿ ಮೊದಲಿತ್ತು. 2025ರ ಫೆಬ್ರುವರಿ 26ರಂದು ಅಮೆಜಾನ್ ಅದನ್ನು ತೆಗೆಯಿತು. ತುಂಬಾ ಜನ ಆ ದಾರಿ ಬಳಸುತ್ತಿರಲಿಲ್ಲ ಅನ್ನಬಹುದು. ಬಳಸದಿದ್ದರೂ ಅದು ಇದೆ ಎಂಬುದೇ ಒಂದು ಧೈರ್ಯವಾಗಿತ್ತು.

ನಿಮ್ಮ ಭಯವೂ ನನಗೆ ಅರ್ಥವಾಗುತ್ತದೆ. ಕಾಗದದ ಪುಸ್ತಕ ಕೊಟ್ಟರೆ ಕೊಟ್ಟವರ ಕೈ ಖಾಲಿಯಾಗುತ್ತದೆ. ಫೈಲ್ ಕೊಟ್ಟರೆ ಇಬ್ಬರ ಕೈಯಲ್ಲೂ ಇರುತ್ತದೆ, ಒಂದೇ ರಾತ್ರಿಯಲ್ಲಿ ಸಾವಿರ ಜನಕ್ಕೆ ಹೋಗಬಹುದು. ಬರೆಯುವವರು ಬದುಕಬೇಕು. ವರ್ಷಗಟ್ಟಲೆ ಕೂತು ಬರೆದ ಪುಸ್ತಕವನ್ನು ಪುಕ್ಕಟೆ ಹಂಚುವುದು ಕಳ್ಳತನ ಎಂದೇ ನಾನು ನಂಬುತ್ತೇನೆ. ಆದರೆ ಡಿಆರ್‌ಎಂ ಎಂಬ, ಫೈಲು ನಕಲಾಗದಂತೆ ಹಾಕುವ ಬೀಗ ಯಾರನ್ನು ತಡೆಯುತ್ತಿದೆ ಎಂದು ಒಮ್ಮೆ ಯೋಚಿಸಿ. ಕದಿಯುವವರು ಹೇಗಾದರೂ ಬೀಗ ಒಡೆಯುತ್ತಾರೆ. ಬೀಗ ತಾಗುವುದು ದುಡ್ಡು ಕೊಟ್ಟು ಕೊಂಡವರಿಗೆ. ಸಾಧನ ಬದಲಿಸಿದಾಗ, ಅಂಗಡಿ ಬದಲಿಸಿದಾಗ, ಖಾತೆ ಮುಚ್ಚಿದಾಗ ಹೊರಗೆ ನಿಲ್ಲುವವರು ಅವರೇ. ವಿಜ್ಞಾನ ಕಥೆಗಳ ದೊಡ್ಡ ಪ್ರಕಾಶನ ಸಂಸ್ಥೆ ಟೋರ್ 2012ರಲ್ಲಿ ತನ್ನ ಇ-ಪುಸ್ತಕಗಳ ಬೀಗ ತೆಗೆಯಿತು. ಒಂದು ವರ್ಷ ಕಳೆದ ಮೇಲೆ, ಕಳ್ಳಪ್ರತಿಗಳು ಗುರುತಿಸುವಷ್ಟು ಹೆಚ್ಚಿಲ್ಲ ಎಂದು ಅವರೇ ಹೇಳಿದರು. ಪ್ರತಿಯೊಳಗೆ ಕೊಂಡವರ ಗುರುತು ಸೇರಿಸಿ, ಬೀಗವಿಲ್ಲದೆ ಮಾರುವವರೂ ಇದ್ದಾರೆ. ಕೊಂಡವರನ್ನು ನಂಬಿ ವ್ಯಾಪಾರ ಮಾಡುವುದು ಆಗುವ ಕೆಲಸವೇ.

ಗ್ರಂಥಾಲಯಗಳ ವಿಷಯ ಇನ್ನೂ ನೋವಿನದು. ಕೊಳ್ಳಲಾರದವರೂ ಓದಲಿ ಎಂದೇ ಅವು ಇರುವುದು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಸಂಸ್ಥೆ ತನ್ನ ಇ-ಪುಸ್ತಕ 26 ಸಲ ಎರವಲು ಹೋದ ಮೇಲೆ ಗ್ರಂಥಾಲಯ ಮತ್ತೆ ದುಡ್ಡು ಕೊಡಬೇಕು ಎಂಬ ನಿಯಮ ತಂದಿತು. 2019ರ ನವೆಂಬರಿನಲ್ಲಿ ಇನ್ನೊಂದು ಪ್ರಕಾಶನ ಸಂಸ್ಥೆ ಮ್ಯಾಕ್‌ಮಿಲನ್, ಹೊಸ ಪುಸ್ತಕವಾದರೆ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಇ-ಪ್ರತಿ ಎಂದಿತು. ಗ್ರಂಥಪಾಲಕರು ಗಟ್ಟಿಯಾಗಿ ವಿರೋಧಿಸಿದರು. 2020ರ ಮಾರ್ಚ್‌ನಲ್ಲಿ ಆ ನಿಯಮ ಹೋಯಿತು. ಕೇಳಿದರೆ ಬದಲಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. ಅದಕ್ಕೇ ನಾನೂ ಕೇಳುತ್ತಿದ್ದೇನೆ.

ಇನ್ನೊಂದು ಮಾತು, ಚಿಕ್ಕದಾಗಿ. ನಾನು ಏನು ಓದುತ್ತೇನೆ, ಎಲ್ಲಿ ನಿಲ್ಲಿಸಿದೆ, ಯಾವ ಪುಟಕ್ಕೆ ಮತ್ತೆ ಮತ್ತೆ ಬಂದೆ, ಇವೆಲ್ಲ ನನ್ನ ಖಾಸಗಿ ವಿಷಯ. 2014ರಲ್ಲಿ ಅಡೋಬಿಯ ಇ-ಪುಸ್ತಕದ ಸಾಫ್ಟ್‌ವೇರ್ ಓದುಗರ ಈ ವಿವರಗಳನ್ನು ಯಾವ ರಕ್ಷಣೆಯೂ ಇಲ್ಲದೆ ಕಂಪನಿಗೆ ಕಳಿಸುತ್ತಿತ್ತು ಎಂದು ಬೆಳಕಿಗೆ ಬಂತು. ಕಾಗದದ ಪುಸ್ತಕ ಓದುವಾಗ ಒಬ್ಬರೇ ಇರುತ್ತೇವೆ. ಇಲ್ಲೂ ಒಬ್ಬರೇ ಇರಲು ಬಿಡಿ.

ಲಿಪಿಯ ಬಗ್ಗೆಯೂ ಹೇಳಬೇಕು. ಕನ್ನಡದಂಥ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಕೂರಬೇಕು, ಸ್ವರಚಿಹ್ನೆ ತನ್ನ ಜಾಗದಲ್ಲಿ ಸೇರಬೇಕು. ಸಾಧನದ ಒಳಗೆ ಅದಕ್ಕೆ ಸರಿಯಾದ ಏರ್ಪಾಡಿಲ್ಲದಿದ್ದರೆ ಅಕ್ಷರ ಚದುರಿ ಬೀಳುತ್ತದೆ. ಹಾಗಾಗಿ ಎಷ್ಟೋ ಪುಸ್ತಕಗಳು ಪಿಡಿಎಫ್ ಆಗಿಯೇ ಉಳಿದಿವೆ. ಪಿಡಿಎಫ್ ಪುಟ ಅಚ್ಚಿನ ಪುಟದ ಚಿತ್ರದಂತೆ ಗಟ್ಟಿ. ಆರು ಇಂಚಿನ ಪರದೆಯಲ್ಲಿ ಅಕ್ಷರ ಇರುವೆಯಷ್ಟಾಗುತ್ತದೆ, ದೊಡ್ಡದು ಮಾಡಿದರೆ ಒಂದೊಂದು ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಅಕ್ಷರ ದೊಡ್ಡದು ಮಾಡಿಕೊಳ್ಳುವ ಸುಖ, ನಾನು ಮೊದಲು ಹೊಗಳಿದ್ದೇ ಅದನ್ನು, ಅದೇ ನಮ್ಮ ಭಾಷೆಗೆ ಅರ್ಧಕ್ಕೆ ನಿಂತಿದೆ. ಪ್ರಕಾಶಕರೇ, ಯೂನಿಕೋಡ್‌ನಲ್ಲಿ ಇಪಬ್ ಮಾಡಿ, ಅಂದರೆ ಪರದೆಗೆ ತಕ್ಕಂತೆ ಸಾಲುಗಳು ಹೊಂದಿಕೊಳ್ಳುವ ಫೈಲ್. ಸಾಧನ ಮಾಡುವವರೇ, ಒಳ್ಳೆಯ ಅಕ್ಷರವಿನ್ಯಾಸ ಹಾಕಿ. ಇದು ಆಗದ ಕೆಲಸವಲ್ಲ.

ನಾನು ಕೇಳುತ್ತಿರುವುದು ಇಷ್ಟು. ದುಡ್ಡು ಕೊಟ್ಟ ಪುಸ್ತಕದ ಫೈಲ್ ನನ್ನ ಬಳಿ ಇರಲಿ, ಯಾವ ಕಂಪನಿಯ ಸಾಧನದಲ್ಲಾದರೂ ತೆರೆಯಲಿ. ಅದನ್ನು ಒಬ್ಬರಿಗೆ ಓದಲು ಕೊಡುವ ದಾರಿ ಇರಲಿ. ಆಗ ನನ್ನ ಪ್ರತಿ ಮುಚ್ಚಿಕೊಂಡರೂ ಚಿಂತೆಯಿಲ್ಲ, ಕಾಗದದಲ್ಲೂ ಹಾಗೇ ತಾನೇ ಆಗುತ್ತಿತ್ತು. ನೀವು ಅಂಗಡಿ ಮುಚ್ಚುವುದಾದರೆ ಮುಂಚೆಯೇ ಬೀಗ ತೆಗೆದು ಪುಸ್ತಕಗಳನ್ನು ನಮ್ಮ ಕೈಗೆ ಕೊಟ್ಟು ಹೋಗಿ. ಇದು ಯಾವುದೂ ಆಗುವುದಿಲ್ಲ ಅನ್ನುವುದಾದರೆ, ಮಾರುವ ಮುಂಚೆ ಅದನ್ನು ಸ್ಪಷ್ಟವಾಗಿ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಇಂಥದ್ದನ್ನು "ಕೊಳ್ಳಿ" ಎಂದು ಮಾರುವಾಗ ಗ್ರಾಹಕರಿಗೆ ಸಿಗುತ್ತಿರುವುದು ಬರೀ ಬಳಸುವ ಪರವಾನಗಿ ಎಂದು ತಿಳಿಸಲೇಬೇಕು ಎಂಬ ಕಾನೂನಿದೆ. ಅಲ್ಲಿ ಹೇಳಲು ಬರುವುದು ಎಲ್ಲ ಕಡೆಯೂ ಬರುತ್ತದೆ.

ನನ್ನ ಕಪಾಟಿನ ಪುಸ್ತಕಗಳು ನಾನು ಹೋದ ಮೇಲೆ ಯಾರಿಗೆ ಸೇರಬೇಕು ಎಂದು ನಾನು ತೀರ್ಮಾನಿಸಬಹುದು. ನನ್ನ ಖಾತೆಯಲ್ಲಿರುವ ಪುಸ್ತಕಗಳು ಯಾರಿಗೆ ಸೇರುತ್ತವೆ? ಅವಕ್ಕೂ ಅಷ್ಟೇ ಪ್ರೀತಿಯಿಂದ ಗುರುತು ಹಾಕಿದ್ದೇನೆ, ಬೆವರು ಸುರಿಸಿ ಗಳಿಸಿದ ದುಡ್ಡನ್ನೇ ಕೊಟ್ಟಿದ್ದೇನೆ. ನಿಮ್ಮ ಉತ್ತರವನ್ನು ನಿಯಮಗಳ ಉದ್ದ ಪಟ್ಟಿಯ ಒಳಗೆ ಹುದುಗಿಸಬೇಡಿ. ಪುಸ್ತಕ ಮಾರುವ ಪುಟದಲ್ಲೇ, ಬೆಲೆಯ ಪಕ್ಕದಲ್ಲಿ, ಚಾಳೀಸು ಬಂದವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದನ್ನು ಓದಿಕೊಂಡು ಮುಂದಿನ ಪುಸ್ತಕ ಯಾವುದರಲ್ಲಿ ಕೊಳ್ಳಬೇಕು ಎಂದು ತೀರ್ಮಾನಿಸುತ್ತೇನೆ.

ಇಂತಿ,
ಕೊಂಡು ಓದುವ ಒಬ್ಬ ಓದುಗ